ಬಸ್ಸಿನಲ್ಲಿ ಕೂತೇ ಆಳದಿಂದ ಮೇಲಕ್ಕೆ

ರಾಮನಗರದ ಬಂಡೆಗಳನ್ನು ಕಂಡರೆ ಜನಕ್ಕೆ ಗಬ್ಬರ್ ಸಿಂಗ್ ನೆನಪಾಗುತ್ತಾನೆ. 1975ರ 'ಶೋಲೆ' ಆ ಬೆಟ್ಟಗಳನ್ನು ಅಷ್ಟರಮಟ್ಟಿಗೆ ತನ್ನದಾಗಿಸಿಕೊಂಡುಬಿಟ್ಟಿದೆ. ನನಗೆ ನೆನಪಾಗುವವನು ಬ್ಯಾರಿ ಕ್ಲೋಸ್. ಟಿಪ್ಪುವಿನ ನಂತರ ಮೈಸೂರಿನ ರೆಸಿಡೆಂಟ್ ಆಗಿ ಬಂದ ಈ ಕಂಪನಿ ಅಧಿಕಾರಿಯ ಹೆಸರಿನಿಂದಲೇ ಊರು ಕ್ಲೋಸ್‌ಪೇಟೆ ಆಗಿತ್ತು. ಬೋರ್ಡು ಬದಲಾಗಿ ಎಷ್ಟೋ ಕಾಲವಾಯಿತು. ಭೂವಿಜ್ಞಾನಿಗಳು ಮಾತ್ರ ಪಟ್ಟು ಬಿಟ್ಟಿಲ್ಲ, ಅವರಿಗೆ ಈ ಕಲ್ಲು ಇವತ್ತಿಗೂ 'ಕ್ಲೋಸ್‌ಪೇಟೆ ಗ್ರಾನೈಟ್'. ಕನಕಪುರದ ಸೀಮೆಯಿಂದ ಹೊರಟು ಸಾವನದುರ್ಗ, ಮಧುಗಿರಿ, ಪಾವಗಡ ಹಾದು ಹಂಪಿ, ಕೊಪ್ಪಳದವರೆಗೆ ಸುಮಾರು 400 ಕಿ.ಮೀ. ಉದ್ದಕ್ಕೆ ಹರಡಿಕೊಂಡ ಪಟ್ಟಿ ಇದು. ಅಗಲ 20-30 ಕಿ.ಮೀ. ವಯಸ್ಸು 250 ಕೋಟಿ ವರ್ಷದ ಆಸುಪಾಸು.

ಹೊಸದಾಗಿ ಒಡೆದ ಚೂರೊಂದನ್ನು ಬಿಸಿಲಿಗೆ ಹಿಡಿದು ನಿಧಾನವಾಗಿ ತಿರುಗಿಸಬೇಕು. ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್ ಹರಳು ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು, ಒಂದು ಕೋನದಲ್ಲಿ ಅದರ ಚಪ್ಪಟೆ ಮುಖ ಫಳಕ್ಕನೆ ಹೊಳೆಯುತ್ತದೆ. ಕರಿ ಚುಕ್ಕೆಗಳು ಕಾಗೆಬಂಗಾರ, ಉಗುರು ಹಾಕಿದರೆ ಪದರ ಏಳುತ್ತದೆ. ಉಳಿದ ಸಂದಿಗಳಲ್ಲೆಲ್ಲ ಮಬ್ಬು ಗಾಜಿನಂಥ ಬೆಣಚುಕಲ್ಲು. ಪಾಪ, ಅದು ಗಟ್ಟಿಯಾಗುವ ಹೊತ್ತಿಗೆ ಒಳ್ಳೆಯ ಜಾಗವೆಲ್ಲ ಬೇರೆಯವರ ಪಾಲಾಗಿತ್ತು, ಹಾಗಾಗಿ ಅದಕ್ಕೆ ಸ್ವಂತದ ಆಕಾರವಿಲ್ಲ.

ಹರಳು ಇಷ್ಟು ದೊಡ್ಡದಾಗಲು ಕಾರಣ ಕಲ್ಲುಸಕ್ಕರೆ ಮಾಡುವವರಿಗೆ ಗೊತ್ತು: ಪಾಕ ಅವಸರವಿಲ್ಲದೆ ಆರಬೇಕು. ಭೂಮಿಯ ಒಡಲಿನಿಂದ ಮೇಲೆದ್ದ ಬಿಸಿ ಶಿಲಾಪಾಕ ಮೊದಲೇ ಇದ್ದ ಹಳೆಯ ನೈಸ್ ಶಿಲೆಯನ್ನೂ ಕರಗಿಸಿ ಬೆರೆಸಿಕೊಂಡು, ಕಿಲೋಮೀಟರುಗಟ್ಟಲೆ ಕಲ್ಲಿನ ಹೊದಿಕೆಯಡಿ ತಣ್ಣಗಾಯಿತು. ಬೆಳಗಾವಿ ಕಡೆಯ ಕಪ್ಪು ಬಸಾಲ್ಟ್ ಮೇಲೆ ಉಕ್ಕಿ ಬೇಗ ಆರಿದ ಲಾವಾ, ಅದರಲ್ಲಿ ಕಣ್ಣಿಗೆ ಕಾಣುವ ಹರಳು ಅಪರೂಪ. ಹದಿನೆಂಟನೇ ಶತಮಾನದ ಯುರೋಪಿನಲ್ಲಿ ಗ್ರಾನೈಟ್ ಎಂದರೆ ಆದಿಸಮುದ್ರದ ತಳದಲ್ಲಿ ಕೂತ ಗಸಿ ಎಂದೇ ಅನೇಕ ಪಂಡಿತರ ನಂಬಿಕೆ. 1785ರಲ್ಲಿ ಜೇಮ್ಸ್ ಹಟನ್ ಸ್ಕಾಟ್ಲೆಂಡಿನ ಗ್ಲೆನ್ ಟಿಲ್ಟ್ ಕಣಿವೆಯಲ್ಲಿ ಕೆಂಪು ಗ್ರಾನೈಟಿನ ಎಳೆಗಳು ಬೇರೆ ಕಲ್ಲಿನೊಳಗೆ ನುಗ್ಗಿದ್ದನ್ನು ಕಂಡ. ಗಸಿ ನುಗ್ಗುವುದುಂಟೆ?

ಹೀಗೆ ಆಳದಲ್ಲಿ ಆರಿದ ಕಲ್ಲಾದ್ದರಿಂದ ರಾಮನಗರದ ಬೆಟ್ಟ ಮೇಲೆ ಎದ್ದು ಬಂದದ್ದಕ್ಕಿಂತ, ಮೇಲಿದ್ದದ್ದೆಲ್ಲ ಸವೆದು ಹೋದಮೇಲೆ ಬಯಲಾದದ್ದು. ಅದರಲ್ಲೂ ಸವೆತ ಒಂದೇ ಸಮ ಆಗಿಲ್ಲ. ನಮ್ಮ ನಾಡಿನ ನೆಲ ಓರೆಯಾಗಿ ಎದ್ದಿರುವುದರಿಂದ ದಕ್ಷಿಣದಲ್ಲಿ ಹೆಚ್ಚು ಆಳದ ಕಲ್ಲು ಹೊರಬಿದ್ದಿದೆ, ಉತ್ತರದಲ್ಲಿ ಕಡಿಮೆ ಆಳದ್ದು. ಕನಕಪುರ ಸೀಮೆಯ ಕಬ್ಬಾಳದುರ್ಗದ ಬಳಿ ಕಾಣುವುದು ಈ ಗ್ರಾನೈಟಿನ ಬೇರು, ಹಂಪಿಯ ಹತ್ತಿರ ಅದರ ನೆತ್ತಿ. ರಾಮನಗರದಲ್ಲಿ ಬಸ್ ಹತ್ತಿ ಹೊಸಪೇಟೆಯಲ್ಲಿ ಇಳಿದವನು ಭೂಮಿಯ ತೊಗಟೆಯನ್ನು ಕೆಳಗಿನಿಂದ ಮೇಲಕ್ಕೆ ಏರಿದಂತಾಯಿತು. ಟಿಕೆಟ್ ದುಡ್ಡಿಗೆ ಇದಕ್ಕಿಂತ ಅಗ್ಗದ ಪಾತಾಳಯಾತ್ರೆ ನನಗೆ ಗೊತ್ತಿಲ್ಲ.

ಹಂಪಿಯ ಗುಂಡುಗಳನ್ನು ವಾಲಿ ಸುಗ್ರೀವರು ಕಾದಾಡುತ್ತ ಎಸೆದಾಡಿದ್ದು ಎನ್ನುತ್ತಾರೆ. ಕತೆ ನನಗೂ ಇಷ್ಟವೇ. ಆದರೆ ಹೆಚ್ಚಿನ ಗುಂಡುಗಳು ಹುಟ್ಟಿದಲ್ಲೇ ಇವೆ. ಅಡ್ಡ, ಉದ್ದ ಬಿರುಕುಗಳಲ್ಲಿ ನೀರು ಇಳಿದು, ಫೆಲ್ಡ್‌ಸ್ಪಾರ್ ಜೇಡಿಯಾಗಿ, ಮೂಲೆಗಳು ಮೊದಲು ಕೊಳೆತು ಗರಸಾದವು. ಮಳೆ ಗರಸನ್ನು ತೊಳೆದೊಯ್ದಿತು, ನಡುವಿನ ಗಟ್ಟಿ ತಿರುಳು ದುಂಡಗೆ ಉಳಿಯಿತು.

ಗ್ರಾನೈಟಿನ ದೊಡ್ಡಸ್ತಿಕೆ ಅದರ ಹಗುರದಲ್ಲಿದೆ ಎಂದರೆ ಬಂಡೆ ಹೊತ್ತವರು ನಗಬಹುದು. ಘನ ಸೆಂಟಿಮೀಟರಿಗೆ ಅದರ ತೂಕ ಸುಮಾರು 2.7 ಗ್ರಾಂ, ಸಾಗರತಳದ ಬಸಾಲ್ಟಿನದು 3ರ ಹತ್ತಿರ. ಆ ಚೂರುಪಾರು ವ್ಯತ್ಯಾಸದಿಂದಲೇ ಸಾಗರತಳ ಮತ್ತೆ ಭೂಗರ್ಭಕ್ಕೆ ಜಾರುತ್ತದೆ, ಖಂಡ ಮುಳುಗದೆ ತೇಲುತ್ತದೆ. ನಮಗೆ ನಿಲ್ಲಲು ಹಳೆಯ ನೆಲ ಉಳಿದಿರುವುದು ಹೀಗೆ.

ಬಸ್ಸಿನ ಆ ದಾರಿಯಲ್ಲೇ ಕಲ್ಲು ಕೊರೆದು ಕೆಳಗಿಳಿಯುವವರೂ ಇದ್ದಾರೆ. ಪಾವಗಡದ ಕಡೆ ಬೋರ್‌ವೆಲ್ ಲಾರಿ ನಿಂತರೆ ಹೊಲದ ತುಂಬ ಬೂದು ಹಿಟ್ಟು. ಸಾವಿರ ಅಡಿ ಕೊರೆದರೂ ಇಳಿದದ್ದು ಬರೀ ಮುನ್ನೂರು ಮೀಟರು. ಗ್ರಾನೈಟಿನ ಮೈಯಲ್ಲಿ ನೀರು ನಿಲ್ಲುವ ಜಾಗವಿಲ್ಲ. ಬಿರುಕು ಸಿಕ್ಕರೆ ನೀರು, ಇಲ್ಲದಿದ್ದರೆ ಸಾಲ. ಸಿಕ್ಕ ನೀರೂ ಆ ಬಿರುಕಿನಲ್ಲಿ ಬಹುಕಾಲ ನಿಂತು ಕಾಗೆಬಂಗಾರದಂಥ ಖನಿಜಗಳಿಂದ ಫ್ಲೋರೈಡ್ ಕರಗಿಸಿಕೊಂಡಿರುತ್ತದೆ. ಅಲ್ಲಿನ ಮಕ್ಕಳ ಹಲ್ಲಿನ ಕಂದು ಕಲೆ ಈ ಕಲ್ಲಿನದೇ.