ಆ ಅವಧಿಯನ್ನು ಬಿಟ್ಟುಕೊಡಬೇಡ

ಹೊನ್ನಾವರ

ಪ್ರೀತಿಯ ತಂಗೀ,

ಮಾವಳ್ಳಿಯ ಹೈಸ್ಕೂಲಿಗೆ ಸೇರಿದ ಮೇಲೆ ನೀನು ಬರೆದ ಪತ್ರ ತಲುಪಿತು. ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡ ಇದೆ, ಮೌಲ್ಯ ಶಿಕ್ಷಣದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡಲೇ ಎಂದು ಕೇಳಿದ್ದೀಯೆ. ಬೇಡ, ಕೊಡಬೇಡ. ಆ ಪ್ರಾಯದ ಮಕ್ಕಳ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳಿಗೆ ಟೈಮ್‌ಟೇಬಲ್ಲಿನಲ್ಲಿ ಇರುವ ಜಾಗ ಅದೊಂದೇ. ಹಾಗೆಂದು ಆ ಹೊತ್ತನ್ನು ಉಪದೇಶಕ್ಕೂ ಕೊಡಬೇಡ. ಸುಳ್ಳು ಹೇಳಬಾರದು, ಹಿರಿಯರಿಗೆ ಗೌರವ ಕೊಡಬೇಕು ಎಂಬುದನ್ನೆಲ್ಲ ಅವರು ಒಂದನೇ ಕ್ಲಾಸಿನಿಂದ ಕೇಳುತ್ತ ಬಂದಿದ್ದಾರೆ. ಅವರ ಮಾತನ್ನು ಕೇಳಿದವರು ಕಡಿಮೆ.

ಅವರನ್ನು ಮಾತಾಡಿಸುವ ದಾರಿ ನಮ್ಮ ಯಕ್ಷಗಾನದಲ್ಲೇ ಇದೆ. ಗುಣವಂತೆ ನಿನ್ನ ಶಾಲೆಗೆ ದೂರವೇನಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಊರು ಅದು. ಶಂಭು ಹೆಗಡೆಯವರು ಯಕ್ಷಗಾನ ಕಲಿಸಲೆಂದು ಶ್ರೀಮಯ ಕಲಾಕೇಂದ್ರ ತೆರೆದದ್ದೂ ಅಲ್ಲೇ. ನಮ್ಮ ಕರಾವಳಿಯಲ್ಲಿ ನೀತಿಯ ಪಾಠ ನಡೆದದ್ದು ಯಕ್ಷಗಾನ, ತಾಳಮದ್ದಲೆಗಳಲ್ಲಿ, ರಾತ್ರಿಯಿಡೀ ವಾದ ಮಾಡಿ. ವಾಲಿವಧೆಯ ತಾಳಮದ್ದಲೆ ನೆನಪು ಮಾಡಿಕೋ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ ಎಂದು ಬಿದ್ದ ವಾಲಿ ಕೇಳುತ್ತಾನೆ. ರಾಮನಾದರೂ ಉತ್ತರ ಕೊಡದೆ ಏಳುವಂತಿಲ್ಲ.

ನಾನು ನನ್ನ ಒಂಬತ್ತನೆಯ ತರಗತಿಯ ಮಕ್ಕಳಿಂದ ಇದನ್ನೇ ಮಾಡಿಸಿದ್ದೆ. ವೇಷವಿಲ್ಲ, ಭಾಗವತರಿಲ್ಲ, ಎರಡು ಬೆಂಚು ಎದುರುಬದುರು. ವಾಲಿಯಾದವಳು ಕ್ಲಾಸಿನಲ್ಲಿ ಬಾಯಿಯೇ ಬಿಡದ ಹುಡುಗಿ, ದೋಣಿಗೆ ಹೋಗುವವರ ಮನೆಯವಳು. "ನಿಂಗೂ ನಂಗೂ ಜಗಳ ಇತ್ತಾ? ಇದ್ದಿದ್ರೆ ಎದ್ರಿಗೆ ಬಂದು ಹೇಳೂಕೆ ಏನಾಗಿತ್ತು?" ಎಂದಳು. ರಾಮನಾಗಿದ್ದ ಹುಡುಗ ತಮ್ಮನ ಹೆಂಡತಿಯ ವಿಷಯ ಎತ್ತಿದ. ಅರ್ಧಕ್ಕೇ ನಿಲ್ಲಿಸಿ ಪಾತ್ರ ಅದಲುಬದಲು ಮಾಡಿಸಿದೆ. ಆಗಷ್ಟೇ ಬೈದವನ ಪರವಾಗಿ ಅವಳು ಈಗ ಮಾತಾಡಬೇಕು. ತಡವರಿಸಿದಳು, ನೆಲ ನೋಡಿದಳು, ಆಮೇಲೆ ಯಾರೂ ಎಣಿಸದಿದ್ದ ಒಂದು ವಾದ ಹೂಡಿದಳು. ಗಂಟೆ ಹೊಡೆದರೂ ಮಕ್ಕಳು ಏಳಲಿಲ್ಲ.

ಎದುರಿನವರ ಜಾಗದಲ್ಲಿ ನಿಂತು ಮಾತಾಡುವ ಈ ಅಭ್ಯಾಸ ನಿನ್ನ ಶಾಲೆಯಿರುವ ಭಟ್ಕಳ ತಾಲೂಕಿಗೆ ತೀರಾ ಬೇಕು. ಅಲ್ಲಿನ 1993ರ ಕೋಮುಗಲಭೆಯ ಕಾಲಕ್ಕೆ ಶಾಲೆಯಲ್ಲಿದ್ದವರು ಈಗ ನಿನ್ನ ವಿದ್ಯಾರ್ಥಿಗಳ ತಂದೆತಾಯಂದಿರು. ನವಾಯತಿ, ಕೊಂಕಣಿ, ನಾಮಧಾರಿ ಮನೆಗಳ ಕನ್ನಡ, ಗೊಂಡರ ಮಾತು, ಎಲ್ಲವೂ ಒಂದೇ ಕೋಣೆಯಲ್ಲಿ ಕೂತಿರಬಹುದು. ಬಿಸಿಯೂಟದ ಸಾಲಿನಲ್ಲಿ ಯಾರ ಪಕ್ಕಕ್ಕೆ ಯಾರು ಕೂರುತ್ತಾರೆ, ಯಾರು ಒಬ್ಬರೇ ಉಳಿಯುತ್ತಾರೆ ಎಂದು ನಾಲ್ಕು ದಿನ ಸುಮ್ಮನೆ ಗಮನಿಸು. ಪಠ್ಯಪುಸ್ತಕ ಹೇಳದ್ದು ಅಲ್ಲಿ ತಿಳಿಯುತ್ತದೆ. ನಮ್ಮ ಸಂವಿಧಾನದ 51ಎ ವಿಧಿ ಸೋದರಭಾವವನ್ನೂ ಪ್ರಶ್ನೆ ಕೇಳುವ ಮನೋಭಾವವನ್ನೂ ಒಂದೇ ಪಟ್ಟಿಯಲ್ಲಿಟ್ಟಿದೆ. ಗೋಕರ್ಣದಂಥ ಕ್ಷೇತ್ರದ ಊರಿನಲ್ಲಿ, ಭದ್ರಕಾಳಿ ಹೈಸ್ಕೂಲಿನ ಮಾಸ್ತರರಾಗಿದ್ದುಕೊಂಡೇ ಲೇಖಕ ಗೌರೀಶ ಕಾಯ್ಕಿಣಿಯವರು ಎಂ.ಎನ್. ರಾಯ್ ಅವರ ಮಾನವತಾವಾದವನ್ನು ಬದುಕಿದರು. ನಮ್ಮ ಜಿಲ್ಲೆಗೆ ಅಂಥ ಮೇಷ್ಟ್ರ ಪರಂಪರೆ ಇದೆ, ನೀನು ಒಂಟಿಯಲ್ಲ.

ಇನ್ನೊಂದು ಮಾತು ಬಹಳ ದಿನದಿಂದ ನನ್ನ ಮನಸ್ಸಿನಲ್ಲಿದೆ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ನಿನ್ನ ಶಾಲೆಯ ಹತ್ತಿರದ ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ನಿನ್ನ ಮಕ್ಕಳದೇ ಪ್ರಾಯ. ನೀರು ಯಾವಾಗ ಕಾಲು ಸೆಳೆಯುತ್ತದೆ, ಎಲ್ಲಿ ಇಳಿಯಬಾರದು ಎಂಬುದನ್ನು ಮಾವಳ್ಳಿಯ ಮಕ್ಕಳು ಮನೆಯಲ್ಲೇ ಕಲಿತಿರುತ್ತಾರೆ. ಬಯಲುಸೀಮೆಯ ಮಕ್ಕಳಿಗೆ ಅದನ್ನು ಯಾರು ಹೇಳಬೇಕು? ಹೊಟ್ಟೆಪಾಡಿಗಾಗಿ ತನ್ನ ಮನೆಯವರು ಕಲಿತ ವಿದ್ಯೆ ಬೇರೊಬ್ಬರ ಜೀವ ಉಳಿಸುತ್ತದೆ ಎಂದು ಗೊತ್ತಾದ ಮಗು ತನ್ನ ಮನೆಯ ಬಗ್ಗೆ ಎಂದೂ ನಾಚಿಕೆಪಡುವುದಿಲ್ಲ.

ಮೀನುಗಾರ ಹಿರಿಯರೊಬ್ಬರನ್ನು ತರಗತಿಗೆ ಕರೆಸು. ಅವರು ಹೇಳಿದ್ದನ್ನು ಮಕ್ಕಳು ಸರಳ ಕನ್ನಡದಲ್ಲಿ ಬರೆಯಲಿ, ಚಿತ್ರ ಬಿಡಿಸಲಿ, ಪ್ರವಾಸಿಗರಿಗೆ ಕಾಣುವಂತೆ ಹಾಕಲೆಂದು ತಾವೇ ಪಂಚಾಯಿತಿಗೆ ಹೋಗಿ ಕೊಡಲಿ. ದಂಡೆಯಲ್ಲಿ ಕಾವಲಿಗೆ ಮಾತ್ರ ಅವರನ್ನು ನಿಲ್ಲಿಸಬೇಡ, ಅದು ದೊಡ್ಡವರ ಕೆಲಸ. ಪ್ರವಾಸದ ಬಸ್ಸುಗಳು ಸಾಲುಗಟ್ಟುವ ಮೊದಲೇ ಇದು ಆಗಬೇಕು.

ಹೆಡ್‌ಮಾಸ್ತರರು ಒಪ್ಪದಿದ್ದರೆ ನನಗೆ ತಿಳಿಸು. ನಾನೇ ಬಂದು ಮಾತಾಡುತ್ತೇನೆ.

ನಿನ್ನ ಅಕ್ಕ