ವೇಷ ಬದಲಿಸದ ವೈವಿಧ್ಯ

ಅನಂತ್ ನಾಗ್ ಎಲ್ಲ ಸಿನಿಮಾದಲ್ಲೂ ಅನಂತ್ ನಾಗ್ ಥರಾನೇ ಇರ್ತಾರೆ ಅನ್ನುವ ಆಕ್ಷೇಪ ಹಳೆಯದು. ಅದರಲ್ಲಿ ಅರ್ಧ ನಿಜವಿದೆ. ಮೂಗು ಬದಲಿಸುವ ಮೇಕಪ್ಪು, ಎಳೆದಾಡಿದ ಉಚ್ಚಾರಣೆ ಅವರ ದಾರಿಯಲ್ಲ. ಆದರೆ ಪಾತ್ರವೈವಿಧ್ಯವೆಂದರೆ ಛದ್ಮವೇಷ ಸ್ಪರ್ಧೆಯೇ? 1974ರ 'ಅಂಕುರ್'ನಲ್ಲಿ ಅವರದು ಜಮೀನ್ದಾರನ ಹೇಡಿ ಮಗನ ಪಾತ್ರ. ಅವನ ಕ್ರೌರ್ಯ ಹುಟ್ಟುವುದೇ ಭಯದಿಂದ. 'ಗಣೇಶನ ಮದುವೆ'ಯಲ್ಲಿ ಅದೇ ಮುಖ ಶುದ್ಧ ಹಾಸ್ಯಕ್ಕೆ ಒದಗುತ್ತದೆ. ದೂರದರ್ಶನದ 'ಮಾಲ್ಗುಡಿ ಡೇಸ್'ನಲ್ಲಿ, ಇನ್ನೂ ನಲವತ್ತು ದಾಟದ ನಟ ಸಿಹಿತಿಂಡಿ ವ್ಯಾಪಾರಿ ಜಗನ್ ಆಗಿ, ಬೆಳೆದ ಮಗನನ್ನು ಅರ್ಥಮಾಡಿಕೊಳ್ಳಲಾಗದ ತಂದೆಯಾಗುತ್ತಾರೆ. ಬದಲಾದದ್ದು ಮುಖವಲ್ಲ, ಎದುರಿಗಿರುವವರ ಮಾತು ಕೇಳಿಸಿಕೊಳ್ಳುವ ರೀತಿ.

ಇದಕ್ಕೆ ಗಟ್ಟಿ ಪುರಾವೆ 1995ರ 'ಬೆಳದಿಂಗಳ ಬಾಲೆ'. ನಾಯಕಿಯ ಮುಖವನ್ನೇ ತೋರಿಸದ ಆ ಚಿತ್ರದಲ್ಲಿ ನಾಯಕನಿಗೆ ಸಿಕ್ಕಿದ್ದು ಫೋನಿನಲ್ಲೊಂದು ದನಿ. ಪ್ರೇಮ, ಕುತೂಹಲ, ಕಳವಳ ಎಲ್ಲವೂ ರಿಸೀವರ್ ಹಿಡಿದವನ ಕಣ್ಣಿನಲ್ಲೇ ನಡೆಯಬೇಕು. ಹಾಗಾದರೆ ಇದೆಲ್ಲ ಅನಂತ್ ನಾಗ್ ಅವರ ಕಂಠದ ಮಹಿಮೆ ಅಷ್ಟೇ ಎನ್ನಬಹುದು. 'ಕೆಜಿಎಫ್' ಮೊದಲ ಭಾಗದಲ್ಲಿನ ಅವರ ನಿರೂಪಣೆ ಈ ವಾದಕ್ಕೆ ಬಲ ಕೊಡುತ್ತದೆ, ಒಪ್ಪೋಣ. ಆದರೆ 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ನೋಡಿ. ನೆನಪು ಕಳೆದುಕೊಂಡ ವೆಂಕೋಬ್ ರಾವ್‌ಗೆ ಆ ಕಂಠದ ಅಧಿಕಾರ ಇಲ್ಲ. ಮಾತು ಎಲ್ಲಿಂದ ಹೊರಟಿತೆಂದು ಅವನಿಗೇ ತಿಳಿಯದು. ತಮ್ಮ ದೊಡ್ಡ ಆಸ್ತಿಯನ್ನೇ ಬದಿಗಿಟ್ಟು ಅವರು ಆ ಪಾತ್ರವನ್ನು ನಿಲ್ಲಿಸಿದರು.