ಗೌವರ್ ಬೀದಿಯಲ್ಲಿ ಒಂದು ಹಗಲು

ಲಂಡನ್ನಿಗೆ ಹೋಗಿಬಂದವರು ಅರಮನೆಯ ಕಾವಲುಗಾರರ ಕಥೆಯನ್ನೂ ಥೇಮ್ಸ್ ನದಿಯ ಸೇತುವೆಯ ಕಥೆಯನ್ನೂ ಹೇಳದಿದ್ದರೆ, ಇವರು ಹೋದದ್ದೇ ಸುಳ್ಳಿರಬೇಕೆಂದು ನೆಂಟರಿಷ್ಟರು ಸಂಶಯಪಡುತ್ತಾರೆ. ಆದರೂ ಈ ಲೇಖನದಲ್ಲಿ ಅವೆರಡೂ ಬರುವುದಿಲ್ಲ. ನಾವು ಹೇಳಹೊರಟಿರುವುದು ಒಂದೇ ಒಂದು ಬೀದಿಯ ವಿಷಯ. ಮಕ್ಕಳನ್ನು ಜೀವಶಾಸ್ತ್ರಕ್ಕೋ ಮನಶ್ಶಾಸ್ತ್ರಕ್ಕೋ ಹೊರದೇಶಕ್ಕೆ ಕಳುಹಿಸುವ ಯೋಚನೆಯಲ್ಲಿರುವ ಕುಟುಂಬಗಳು ನಮ್ಮ ಸಂಘದಲ್ಲಿ ಈಚೆಗೆ ಕಡಮೆಯೇನಲ್ಲ. ಅಂಥವರಿಗೆ ಉಪಯೋಗವಾದೀತೆಂಬ ಆಸೆಯಿಂದ ಬರೆಯುತ್ತಿದ್ದೇವೆ.

ಸರಕಾರಿ ಕಚೇರಿಯ ಗುಮಾಸ್ತೆಗೆ ಲಂಡನ್ ಎಲ್ಲಿಂದ ಬಂದಿತೆಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಲ್ಲಿನ ಹ್ಯಾರೋ ಎಂಬ ಬಡಾವಣೆಯಲ್ಲಿರುವ ನಮ್ಮ ಭಾವಮೈದುನ ಮನೆ ಕೊಂಡು, 2024ರ ಮೇ ತಿಂಗಳಲ್ಲಿ ಗೃಹಪ್ರವೇಶವಿಟ್ಟುಕೊಂಡ. ಅಕ್ಕನೂ ಭಾವನೂ ಬರಲೇಬೇಕೆಂದು ತಾನೇ ಟಿಕೆಟು ಕಳುಹಿಸಿದ. ನಮ್ಮಂಥವರು ದೇಶ ಬಿಡಬೇಕಾದರೆ ರಜೆಯ ಜೊತೆಗೆ ಮೇಲಧಿಕಾರಿಗಳ ಅಪ್ಪಣೆಯೂ ಬೇಕು. ನಮ್ಮ ಫೈಲು ಮೂರು ಮೇಜು ದಾಟುವಷ್ಟರಲ್ಲಿ ಪರದೇಶದ ವೀಸಾವೇ ಮೊದಲು ಕೈಸೇರಿತು!

ಗೃಹಪ್ರವೇಶವೇನೋ ನೆಪ, ನಿಜವಾದ ಕೆಲಸ ಬೇರೆಯೇ ಇದ್ದಿತು. ನಮ್ಮ ತಂಗಿ ಸುಮ ಲಂಡನ್ನಿನ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರದ ಎಂ.ಎಸ್‌ಸಿ. ಓದುತ್ತಿದ್ದಳು. ತಂದೆಯವರು ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ. ಮುಂದೆ ಓದಿಸಿದ ಭಾರ ನಮ್ಮದೇ. ಬ್ಯಾಂಕಿನ ಸಾಲದ ಕಾಗದಕ್ಕೆ ರುಜು ಹಾಕಿದವರೂ ನಾವೇ. ಆ ವರ್ಷದ ಫೆಬ್ರವರಿಯಲ್ಲಿ ಒಂದು ರಾತ್ರಿ ಫೋನು ಮಾಡಿ, "ಅಣ್ಣಾ, ಇದು ಮುಗಿದ ಮೇಲೆ ಇನ್ನೊಂದು ವರ್ಷ ಮನಶ್ಶಾಸ್ತ್ರ ಓದಬೇಕೆಂದಿದ್ದೇನೆ" ಎಂದಳು. ಇನ್ನೊಂದು ವರ್ಷವೆಂದರೆ ಇನ್ನೊಂದು ಸಾಲ. ಇನ್ನೊಂದು ಸಾಲವೆಂದರೆ ನಂಜನಗೂಡಿನ ಹಳೆಯ ಮನೆಯ ಪತ್ರ. "ಮನಶ್ಶಾಸ್ತ್ರ ಓದಿ ಹೊಟ್ಟೆ ತುಂಬಿಸಿಕೊಂಡವರುಂಟೆ? ಹಿಡಿದ ದಾರಿಯಲ್ಲಿ ನೆಟ್ಟಗೆ ನಡೆ" ಎಂದು ನಾವು ಗಟ್ಟಿಯಾಗಿಯೇ ಹೇಳಿಬಿಟ್ಟೆವು. ಅನಂತರ ಎರಡು ವಾರ ಅವಳಿಂದ ಫೋನಿಲ್ಲ.

ಹ್ಯಾರೋದಲ್ಲಿ ನಮ್ಮ ಕಾಲಿಗೆ ನಮಸ್ಕಾರ ಮಾಡಿ ಎದ್ದವಳು ಹೇಳಿದ್ದು ಒಂದೇ ಮಾತು: "ಒಂದು ದಿನ ನನ್ನ ಜೊತೆ ಗೌವರ್ ಬೀದಿಯಲ್ಲಿ ನಡೆದು ನೋಡು. ಆಮೇಲೆ ಬೇಡವೆನ್ನು."

ಹ್ಯಾರೋದಿಂದ ಮೆಟ್ರೊಪಾಲಿಟನ್ ಮಾರ್ಗದ ರೈಲು ನೇರವಾಗಿ ಯೂಸ್ಟನ್ ಸ್ಕ್ವೇರ್ ನಿಲ್ದಾಣಕ್ಕೆ ಹೋಗುತ್ತದೆ. ಡೊಂಬಿವಲಿಯ ಲೋಕಲ್ಲಿಗೆ ಒಗ್ಗಿದ ನಮಗೆ ಕುಳಿತುಕೊಳ್ಳಲು ಜಾಗ ಸಿಕ್ಕಿದ್ದೇ ಒಂದು ಪ್ರವಾಸವೆನಿಸಿತು. ಮೆಟ್ಟಿಲು ಹತ್ತಿ ಬಂದರೆ ಎದುರಿಗೇ ಗೌವರ್ ಬೀದಿ. ಸ್ವಲ್ಪ ದೂರ ನಡೆದರೆ ಎಡಕ್ಕೆ ವಿಶಾಲವಾದ ಅಂಗಳ, ಅದರಾಚೆ ಹತ್ತು ಕಂಬಗಳ ಮುಖಮಂಟಪ, ಮೇಲೊಂದು ಗುಮ್ಮಟ. ಇದೇ ಯೂನಿವರ್ಸಿಟಿ ಕಾಲೇಜ್. 1826ರಲ್ಲಿ ಸ್ಥಾಪನೆಯಾದದ್ದು. ಆ ಕಾಲದಲ್ಲಿ ಆಕ್ಸ್‌ಫರ್ಡಿನಲ್ಲಾಗಲಿ ಕೇಂಬ್ರಿಜ್ಜಿನಲ್ಲಾಗಲಿ ಪದವಿ ಪಡೆಯಬೇಕಾದರೆ ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರಿದವರಾಗಿರಬೇಕಿತ್ತು. ಮತವನ್ನು ಕೇಳದೆ ವಿದ್ಯಾರ್ಥಿಗಳನ್ನು ಸೇರಿಸಿಕೊಂಡ ಇಂಗ್ಲೆಂಡಿನ ಮೊದಲ ವಿದ್ಯಾಸಂಸ್ಥೆ ಇದು. ಅದಕ್ಕಾಗಿ 'ದೇವರಿಲ್ಲದ ಕಾಲೇಜು' ಎಂಬ ಬೈಗುಳವನ್ನೂ ಸಂಪಾದಿಸಿತು. 1878ರಲ್ಲಿ ಹೆಣ್ಣುಮಕ್ಕಳಿಗೂ ಪದವಿಯ ಬಾಗಿಲು ತೆರೆಯಿತು.

ಇದರ ಹಿಂಭಾಗದ ವಿದ್ಯಾರ್ಥಿ ಭವನದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ತತ್ತ್ವಜ್ಞಾನಿ ಜೆರೆಮಿ ಬೆಂಥಮ್ ಕುಳಿತಿದ್ದಾರೆ. 1832ರಲ್ಲಿ ತೀರಿಕೊಂಡವರು. ತಮ್ಮ ಅಸ್ಥಿಪಂಜರಕ್ಕೆ ತಮ್ಮ ಬಟ್ಟೆಯನ್ನೇ ತೊಡಿಸಿ ಕೂರಿಸಬೇಕೆಂದು ಮರಣಪತ್ರ ಬರೆದಿದ್ದರಂತೆ. ತಲೆ ಮಾತ್ರ ಮೇಣದ್ದು. ನಿವೃತ್ತಿಯೇ ಇಲ್ಲದ ಅಧಿಕಾರಿಯನ್ನು ನಾವು ನೋಡಿದ್ದು ಇದೇ ಮೊದಲು.

ಗೌವರ್ ಬೀದಿಗೆ ಮರಳಿ ದಕ್ಷಿಣಕ್ಕೆ ನಡೆದರೆ ಡಾರ್ವಿನ್ ಹೆಸರಿನ ಕಟ್ಟಡ ಸಿಕ್ಕುತ್ತದೆ. ಗೋಡೆಯ ಮೇಲಿನ ಫಲಕದ ಮುಂದೆ ಸುಮ ನಮ್ಮನ್ನು ನಿಲ್ಲಿಸಿದಳು. ಚಾರ್ಲ್ಸ್ ಡಾರ್ವಿನ್ನರು 1839ರಲ್ಲಿ ಮದುವೆಯಾಗಿ 1842ರವರೆಗೆ ಸಂಸಾರ ಹೂಡಿದ್ದ ಮನೆ ಇದ್ದದ್ದು ಇಲ್ಲಿಯೇ. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನಿಂದ ಹಾಳಾಗಿ ಆಮೇಲೆ ಕೆಡವಲ್ಪಟ್ಟ ಆ ಮನೆಯ ನೆಲದಲ್ಲಿ ಎದ್ದಿರುವುದು ಈ ಕಟ್ಟಡ.

"ಇಲ್ಲಿ ಅವರಿಗೆ ಮೊದಲನೆಯ ಮಗು ಹುಟ್ಟಿತು ಅತ್ತಿಗೇ, 1839ರ ಡಿಸೆಂಬರಿನಲ್ಲಿ" ಎಂದಳು ಸುಮ. "ಮಗು ಯಾವಾಗ ನಕ್ಕಿತು, ಯಾವುದಕ್ಕೆ ಹೆದರಿತು, ಯಾವಾಗ ಸಿಟ್ಟುಮಾಡಿತು, ಕನ್ನಡಿ ಕಂಡಾಗ ಏನು ಮಾಡಿತು, ಎಲ್ಲವನ್ನೂ ಬರೆದಿಟ್ಟರು. ಸುಮಾರು ಮೂವತ್ತೇಳು ವರ್ಷದ ಮೇಲೆ, 1877ರಲ್ಲಿ, ಅದನ್ನು ಒಂದು ಲೇಖನವಾಗಿ ಅಚ್ಚುಹಾಕಿಸಿದರು. ಅದನ್ನು ಮಕ್ಕಳ ಮನಶ್ಶಾಸ್ತ್ರದ ಆರಂಭದ ಬರಹಗಳಲ್ಲಿ ಎಣಿಸುತ್ತಾರೆ."

"ಎಲ್ಲ ತಾಯಂದಿರೂ ನೋಡುವುದೇ ಅದು, ಬರೆದಿಡುವುದಿಲ್ಲ, ಅಷ್ಟೆ" ಎಂದರು ನಮ್ಮ ಮನೆಯಾಕೆ.

ನಾವು ಮಾತನಾಡಲಿಲ್ಲ. ಪ್ರಪಂಚದ ಜೀವಶಾಸ್ತ್ರಜ್ಞರಲ್ಲೆಲ್ಲ ಹೆಸರಾದವರು ತೊಟ್ಟಿಲ ಪಕ್ಕದಲ್ಲಿ ಕುಳಿತು ಮನಶ್ಶಾಸ್ತ್ರವನ್ನೇ ಮಾಡುತ್ತಿದ್ದರೆಂದ ಮೇಲೆ, "ಹಿಡಿದ ದಾರಿ" ಎಂಬ ನಮ್ಮ ಮಾತಿಗೆ ಅಲ್ಲಿ ನಿಲ್ಲಲು ಜಾಗ ಸಾಲದಾಯಿತು.

ಮಧ್ಯಾಹ್ನ ಗಾರ್ಡನ್ ಸ್ಕ್ವೇರಿನ ಉದ್ಯಾನದಲ್ಲಿ ಪುಳಿಯೋಗರೆಯ ಡಬ್ಬಿ ಬಿಚ್ಚಿದೆವು. ಊಟದ ಜೊತೆಗೆ ವ್ಯವಹಾರದ ಮಾತೂ ನಡೆಯಿತು. ವಾಚಕರ ಉಪಯೋಗಕ್ಕಾಗಿ ಅದನ್ನು ಇಲ್ಲಿ ಕೊಡುತ್ತೇವೆ. ಇಂಗ್ಲೆಂಡಿನಲ್ಲಿ ಬಿ.ಎಸ್‌ಸಿ. ಸಾಮಾನ್ಯವಾಗಿ ಮೂರು ವರ್ಷ, ಸ್ಕಾಟ್ಲೆಂಡಿನಲ್ಲಿ ನಾಲ್ಕು, ಎಂ.ಎಸ್‌ಸಿ. ಸಾಮಾನ್ಯವಾಗಿ ಒಂದೇ ವರ್ಷ. ಬೇರೆ ವಿಷಯದಲ್ಲಿ ಪದವೀಧರರಾದವರು ಮನಶ್ಶಾಸ್ತ್ರಕ್ಕೆ ದಾಟಿಕೊಳ್ಳಲೆಂದೇ ಪರಿವರ್ತನ ವ್ಯಾಸಂಗಗಳಿವೆ. ಸೇರುವ ಮುನ್ನ ಅದಕ್ಕೆ ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿಯ ಮಾನ್ಯತೆ ಇದೆಯೇ ಎಂದು ನೋಡತಕ್ಕದ್ದು. ಆದರೆ ಅಷ್ಟರಿಂದಲೇ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುವ ಮನಶ್ಶಾಸ್ತ್ರಜ್ಞರಾಗಿಬಿಡುವುದಿಲ್ಲ. ಅಲ್ಲಿ ಅದಕ್ಕೆ ಮತ್ತೆ ಮೂರು ವರ್ಷದ ಡಾಕ್ಟರೇಟ್ ತರಬೇತಿ ಬೇಕು. ನಮ್ಮ ದೇಶದಲ್ಲಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ಪಟ್ಟಿಯಲ್ಲಿ ಹೆಸರಿರಬೇಕು. ಪದವಿ ತರಗತಿಯ ವಿದ್ಯಾರ್ಥಿಗಳು ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಆದ್ದರಿಂದ "ಅಲ್ಲಿಯೇ ದುಡಿದು ಓದಿಕೊಳ್ಳುತ್ತಾನೆ" ಎಂಬ ಲೆಕ್ಕವನ್ನು ನಂಬಿ ಯಾರೂ ಸಾಲಕ್ಕೆ ರುಜು ಹಾಕಬಾರದೆಂದು ನಮ್ಮ ವಿನಂತಿ.

ಊಟವಾದ ಮೇಲೆ ಬೆಡ್‌ಫರ್ಡ್ ವೇ ಎಂಬಲ್ಲಿರುವ ಮನಶ್ಶಾಸ್ತ್ರದ ಕಟ್ಟಡವನ್ನು ಹೊರಗಿನಿಂದ ನೋಡಿದೆವು. ಈ ವಿಭಾಗದ ಮೊದಲ ಪ್ರಯೋಗಶಾಲೆ ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ತೆರೆಯಿತು. ಆಮೇಲೆ ಇಲ್ಲಿ ಬಹುಕಾಲ ಪ್ರಾಧ್ಯಾಪಕರಾಗಿದ್ದವರು ಚಾರ್ಲ್ಸ್ ಸ್ಪಿಯರ್ಮನ್. ಆ ಹೆಸರು ಕೇಳಿದೊಡನೆ ನಮ್ಮ ಮೈ ಜುಮ್ಮೆಂದಿತು. ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು 1924ರಲ್ಲಿ ಆರಂಭಿಸಿದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಈ ಸ್ಪಿಯರ್ಮನ್ನರ ಶಿಷ್ಯರು. 1935ರಲ್ಲಿ ತಮ್ಮ ಮನೆಯಲ್ಲಿಯೇ ರೇಡಿಯೋ ಕೇಂದ್ರ ನಡೆಸಿದವರೂ ಇವರೇ. ಅದರ 'ಆಕಾಶವಾಣಿ' ಎಂಬ ಹೆಸರು ಆಮೇಲೆ ದೇಶಕ್ಕೆಲ್ಲ ಹಬ್ಬಿತು. ಅವರು ಕಲಿಸಿದ ಮಹಾರಾಜಾ ಕಾಲೇಜಿನಲ್ಲಿಯೇ ನಾವೂ ಬಿ.ಎ.ಗೆ ಮನಶ್ಶಾಸ್ತ್ರವನ್ನು ಒಂದು ವಿಷಯವಾಗಿ ಓದಿದ್ದೆವು.

ಇದನ್ನು ಸುಮನಿಗೆ ನಾವು ಎಂದೂ ಹೇಳಿರಲಿಲ್ಲ. ಎಂ.ಎ.ಗೆ ಅರ್ಜಿ ತಂದಿಟ್ಟಿದ್ದೆವೆಂಬುದನ್ನಂತೂ ಮನೆಯಾಕೆಗೂ ಹೇಳಿರಲಿಲ್ಲ. ಅದನ್ನು ತುಂಬುವ ಮೊದಲೇ ತಂದೆಯವರು ಹೋದರು. ಆ ಅರ್ಜಿ ಬಿಟ್ಟು ಕೇಂದ್ರ ಸರಕಾರದ ಪರೀಕ್ಷೆಯ ಅರ್ಜಿ ತುಂಬಿದೆವು. ಸ್ಪಿಯರ್ಮನ್ನರು ಸೈನ್ಯದ ಅಧಿಕಾರಿಯಾಗಿದ್ದು, 1897ರಲ್ಲಿ ತಮ್ಮ 34ನೆಯ ವಯಸ್ಸಿನಲ್ಲಿ ನೌಕರಿ ಬಿಟ್ಟು ಓದಲು ಹೊರಟವರೆಂದು ಸುಮ ಹೇಳಿದಾಗ, ನಾವು ಬೂಟಿನ ದಾರ ಕಟ್ಟುವ ನೆಪದಿಂದ ಸ್ವಲ್ಪ ಹಿಂದೆ ಉಳಿದೆವು.

ಈ ಬೀದಿಯಲ್ಲಿ ಹೆಮ್ಮೆಪಡತಕ್ಕದ್ದೇ ಎಲ್ಲವೂ ಎಂದು ಯಾರೂ ತಿಳಿಯಬಾರದು. ಡಾರ್ವಿನ್ನರ ಸಂಬಂಧಿಕ ಫ್ರಾನ್ಸಿಸ್ ಗಾಲ್ಟನ್, ದನಕರುಗಳ ತಳಿಯಂತೆ ಮನುಷ್ಯರ ತಳಿಯನ್ನೂ ಆರಿಸಿ ಬೆಳೆಸಬೇಕೆಂದು ವಾದಿಸಿ, ಅದರ ಅಧ್ಯಯನಕ್ಕೆ ಈ ಕಾಲೇಜಿಗೇ ಹಣ ಬಿಟ್ಟುಹೋದರು. ಮನುಷ್ಯರನ್ನು ಅಳೆದು ಮೇಲು ಕೀಳೆಂದು ವಿಂಗಡಿಸುವ ಕೆಲಸಕ್ಕೆ ಎರಡು ಶಾಸ್ತ್ರಗಳೂ ಬಳಕೆಯಾದವು. 2020ರಲ್ಲಿ ಕಾಲೇಜು ಗಾಲ್ಟನ್ನರ ಹೆಸರನ್ನು ತನ್ನ ಕೊಠಡಿಗಳಿಂದ ತೆಗೆದು, 2021ರಲ್ಲಿ ಕ್ಷಮೆ ಕೇಳಿತು. "ಇದನ್ನೂ ನಮಗೆ ಪಾಠ ಮಾಡುತ್ತಾರೆ ಅಣ್ಣಾ" ಎಂದಳು ಸುಮ. ಒಳ್ಳೆಯ ಪದ್ಧತಿಯೆಂದು ನಮಗೆ ತೋರಿತು.

ಕೊನೆಯದಾಗಿ ಗ್ರಾಂಟ್ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯಕ್ಕೆ ಹೊರಟೆವು. ಎಡಿನ್‌ಬರೋದಲ್ಲಿ ಡಾರ್ವಿನ್ನರಿಗೆ ಸಮುದ್ರದ ಜೀವಿಗಳನ್ನು ತೋರಿಸಿಕೊಟ್ಟ ರಾಬರ್ಟ್ ಗ್ರಾಂಟ್ 1828ರಲ್ಲಿ ಆರಂಭಿಸಿದ ಸಂಗ್ರಹವಿದು. ಪ್ರವೇಶಕ್ಕೆ ಹಣವಿಲ್ಲ. 1883ರಲ್ಲಿ ಭೂಮಿಯಿಂದಲೇ ಅಳಿದುಹೋದ ಕ್ವಾಗಾ ಎಂಬ ಅರೆಪಟ್ಟೆಯ ಜೀಬ್ರಾದ ಅಸ್ಥಿಪಂಜರ ಇಲ್ಲಿದೆ. ಒಂದೇ ಜಾಡಿಯಲ್ಲಿ ಕಿಕ್ಕಿರಿದು ತುಂಬಿದ ಮೋಲ್ ಎಂಬ ಬಿಲದ ಪ್ರಾಣಿಗಳೂ ಇವೆ. ನಮಗೆ ಸಂಜೆಯ ಲೋಕಲ್ ನೆನಪಾಯಿತು.

ಹೊರಗೆ ಬಂದು ನಿಂತಾಗ ಒಂದು ಕಪ್ಪು ಟ್ಯಾಕ್ಸಿ ಹಾದುಹೋಯಿತು. ಸುಮ ಅದನ್ನು ತೋರಿಸಿ ಹೇಳಿದಳು: "ಈ ಡ್ರೈವರಿಗೆ ಪರವಾನಗಿ ಸಿಕ್ಕಬೇಕಾದರೆ ಸುಮಾರು 25,000 ಬೀದಿಗಳು ಬಾಯಿಪಾಠವಾಗಿರಬೇಕು. ಇದೇ ಕಾಲೇಜಿನ ಎಲಿನೋರ್ ಮಗ್ವಾಯರ್ 2000ದಲ್ಲಿ ಇಂಥವರ ಮಿದುಳನ್ನು ಪರೀಕ್ಷಿಸಿದರು. ಹಿಪೊಕ್ಯಾಂಪಸ್ ಎಂಬ ಭಾಗದ ಹಿಂತುದಿ ಉಳಿದವರದ್ದಕ್ಕಿಂತ ದೊಡ್ಡದಾಗಿತ್ತು. ಅದಕ್ಕೂ ಮೊದಲು, 1971ರಲ್ಲಿ, ಇಲ್ಲಿಯೇ ಜಾನ್ ಓಕೀಫ್ ಇಲಿಯ ಮಿದುಳಿನ ಆ ಭಾಗದಲ್ಲಿ, ಅದು ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಎಚ್ಚರಗೊಳ್ಳುವ ಜೀವಕೋಶಗಳನ್ನು ಕಂಡಿದ್ದರು. 2014ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಮರೆವಿನ ರೋಗ ಅನೇಕರಲ್ಲಿ ಮೊದಲು ಹಿಡಿಯುವುದು ಆ ಭಾಗವನ್ನೂ ಅದರ ನೆರೆಯನ್ನೂ."

ಸ್ವಲ್ಪ ತಡೆದು, "ಅಜ್ಜಿಗೆ ಆದದ್ದು ಅದೇ ಅಣ್ಣಾ" ಎಂದಳು.

ನಮ್ಮ ಅಜ್ಜಿ ನಂಜನಗೂಡಿನ ಅದೇ ಬೀದಿಯಲ್ಲಿ ಅರುವತ್ತು ವರ್ಷ ಬಾಳಿದವರು. ಒಂದು ಬೆಳಗ್ಗೆ ಕಪಿಲಾ ಹೊಳೆಗೆ ಹೋದವರು ಮನೆಗೆ ಬರಲಿಲ್ಲ. ಸಂಜೆ ಯಾವುದೋ ಅಂಗಡಿಯ ಜಗಲಿಯ ಮೇಲೆ ಕುಳಿತಿದ್ದವರನ್ನು ಯಾರೋ ಕರೆತಂದರು. ನಾವು ಆಗ ರಜೆಯ ಮೇಲೆ ಅಲ್ಲಿಯೇ ಇದ್ದೆವು. "ಹುಟ್ಟಿದಾಗಿನಿಂದ ನಮಗೇ ಗೊತ್ತಿರುವ ದಾರಿ ನಿನಗೆ ಗೊತ್ತಿಲ್ಲವೇ? ಬೇಕೆಂದೇ ನಾಟಕವಾಡುತ್ತೀ" ಎಂದು ಹತ್ತು ಜನರ ಮುಂದೆ ಗದರಿದೆವು. ಅಂದಿನಿಂದ ಬಾಗಿಲಿಗೆ ಬೀಗ ಬಿದ್ದಿತು. ಅವರು ತೀರಿಕೊಳ್ಳುವವರೆಗೆ ಆ ಬೀಗ ತೆಗೆಯಲಿಲ್ಲ.

"ದಾರಿ ತಪ್ಪಿದ್ದಕ್ಕೆ ನನ್ನ ಜೀವಶಾಸ್ತ್ರ ಕಾರಣ ಹೇಳುತ್ತದೆ. ನಾವು ಗದರಿದೆವಲ್ಲ, ಬೀಗ ಹಾಕಿದೆವಲ್ಲ, ಆ ಮನೆಗೆ ಯಾರು ಬಂದು ಏನು ಹೇಳಬೇಕಿತ್ತು? ಅದನ್ನು ಕಲಿಯಬೇಕು ನಾನು" ಎಂದಳು. 'ನಾವು' ಎಂದದ್ದು ಅವಳ ದೊಡ್ಡತನ. ಗದರಿದವರಲ್ಲಿ ಅವಳಿರಲಿಲ್ಲ.

ರೈಲಿನಲ್ಲಿ ಹ್ಯಾರೋ ಸೇರುವವರೆಗೆ ಯಾರೂ ಮಾತನಾಡಲಿಲ್ಲ. ಇಳಿದ ಮೇಲೆ ನಮ್ಮ ಮನೆಯಾಕೆಯೇ, "ಓದಲಿ ಬಿಡಿ. ಮನೆಯ ಪತ್ರ ಮಾತ್ರ ಪೆಟ್ಟಿಗೆಯಲ್ಲೇ ಇರಲಿ" ಎಂದರು. ಸುಮ ಕೂಡಲೆ, "ಪತ್ರ ಬೇಡವೇ ಬೇಡ ಅತ್ತಿಗೇ. ಊರಿಗೆ ಬಂದು ಕೆಲಸಕ್ಕೆ ಸೇರಿ ಹಣ ಕೂಡಿಸುತ್ತೇನೆ. ಅಣ್ಣ ಬೇಡವೆನ್ನದಿದ್ದರೆ ಸಾಕು" ಎಂದಳು. ನಾವು ಬೇಡವೆನ್ನಲಿಲ್ಲ.

ಅದರಂತೆ ಅವಳು ಈಗ ಬೆಂಗಳೂರಿನ ಒಂದು ಪ್ರಯೋಗಶಾಲೆಯಲ್ಲಿ ಕೆಲಸದಲ್ಲಿದ್ದಾಳೆ. ಬರುವ ಸೆಪ್ಟೆಂಬರಿಗೆ ಅರ್ಜಿ ಹಾಕಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ. ನಾವು ಅಟ್ಟದ ಪೆಟ್ಟಿಗೆಯಿಂದ ನಮ್ಮ ಬಿ.ಎ. ತರಗತಿಯ ಮನಶ್ಶಾಸ್ತ್ರದ ನೋಟುಪುಸ್ತಕವನ್ನು ತೆಗೆದು ಅವಳಿಗೆ ಅಂಚೆಯಲ್ಲಿ ಕಳುಹಿಸಿದೆವು. ಅದರಲ್ಲಿ ಸ್ಪಿಯರ್ಮನ್ನರ ಹೆಸರನ್ನು ನಾವು ಮೂರು ಕಡೆ ಮೂರು ಬಗೆಯಾಗಿ ತಪ್ಪು ಬರೆದಿದ್ದೇವೆಂದು ಮೊನ್ನೆ ಉತ್ತರ ಬಂದಿದೆ.